ಕಡಲಾಚೆಯ ದ್ವೀಪಕ್ಕೆ ಹೊರಡುವ ಮುನ್ನ

ಸೊಲ್ಲಾಪುರದ ಮಕ್ಕಳು ದ್ವೀಪವೆಂಬುದನ್ನು ಭೂಗೋಲದ ಪುಸ್ತಕದಲ್ಲಿ ಓದುವದಕ್ಕೆ ಮೊದಲೇ ಕಣ್ಣಾರೆ ಕಂಡಿರುತ್ತಾರೆ. ನಮ್ಮ ಸಿದ್ಧೇಶ್ವರನ ಗುಡಿಯು ಕೆರೆಯ ನೀರಿನ ನಡುವೆ ನಿಂತಿದೆ. ಆ ದ್ವೀಪಕ್ಕೆ ಹೋಗಬೇಕಾದರೆ ತಾಯಿಯ ಕೈ ಹಿಡಿದು ನಡೆದರೆ ಸಾಕು. ಕಡಲಿನ ನಡುವಣ ದ್ವೀಪಕ್ಕೆ, ಅದರಲ್ಲಿಯೂ ಪರದೇಶದ ದ್ವೀಪಕ್ಕೆ ಹೋಗುವದಾದರೆ ಅಷ್ಟರಿಂದ ಕೆಲಸವಾಗದು. ಅದಕ್ಕೆ ಒಂದು ವರ್ಷದ ಸಿದ್ಧತೆ ಬೇಕು.

ಈಚೆಗೆ ಸೊಲ್ಲಾಪುರ ಅಕ್ಕಲಕೋಟೆಗಳ ಸಾಧಾರಣ ಸ್ಥಿತಿಯ ಮನೆಗಳಲ್ಲಿಯೂ ಬೇಸಿಗೆಯ ಸೂಟಿ ಬಂತೆಂದರೆ ಪರದೇಶ ಪ್ರವಾಸದ ಮಾತು ಕೇಳಿಬರುತ್ತಿದೆ. ಇದು ಸಂತೋಷದ ಸಂಗತಿಯೇ ಸರಿ. ನಮ್ಮ ಮನೆಯವರೂ ಶ್ರೀಲಂಕೆಗೆ ಹೋಗಿಬಂದೆವು. ಆದರೆ ಹೊರಡಬೇಕೆಂದು ನಿಶ್ಚಯಿಸಿದ ವರ್ಷ ಹೊರಡಲಾಗಲಿಲ್ಲ. ಹೊರಟದ್ದು ಮರುವರ್ಷ, ಆ ವೇಳೆಗೆ ನಮ್ಮೊಡನೆ ಬರಬೇಕಾಗಿದ್ದ ಹಿರಿಯ ಜೀವವೊಂದು ಮನೆಯಲ್ಲಿಯೇ ಉಳಿಯಬೇಕಾಯಿತು. ತಪ್ಪು ಯಾರದೂ ಅಲ್ಲ, ನಮ್ಮದೇ. ಆ ತಪ್ಪು ಬೇರೆ ಮನೆಗಳಲ್ಲಿ ಆಗದಿರಲೆಂದು ನಾವು ಕಲಿತುಕೊಂಡದ್ದನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದಿಡುತ್ತಿದ್ದೇವೆ.

ಯಾವ ದ್ವೀಪ, ಯಾವ ಋತು

ನಮ್ಮ ದೇಶದಿಂದ ಹೋಗಬಹುದಾದ ದ್ವೀಪರಾಷ್ಟ್ರಗಳಲ್ಲಿ ಮಾಲ್ಡೀವ್ಸ್, ಮಾರಿಷಸ್, ಶ್ರೀಲಂಕಾ ಇವು ಹೆಚ್ಚು ಪರಿಚಿತವಾದವು. ಶ್ರೀಲಂಕೆಯು ಇವುಗಳಲ್ಲಿ ಎಲ್ಲಕ್ಕೂ ಹತ್ತಿರದ್ದು. ಅದರ ವಿಸ್ತೀರ್ಣ 65,610 ಚದರ ಕಿಲೋಮೀಟರು. ಅಂದರೆ ನಮ್ಮ ಸೊಲ್ಲಾಪುರ ಜಿಲ್ಲೆಯ ನಾಲ್ಕು ಪಟ್ಟಿಗಿಂತ ಹೆಚ್ಚು, ಕರ್ನಾಟಕದ ಮೂರನೆಯ ಒಂದು ಭಾಗದಷ್ಟು. 1972ರ ವರೆಗೆ ಅದರ ಹೆಸರು ಸಿಲೋನ್ ಎಂದಿತ್ತು. ಅಲ್ಲಿಯ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ ವೇಳೆಯನ್ನು ತೋರಿಸುತ್ತವೆ.

ಆ ನಾಡಿಗೂ ನಮಗೂ ಇರುವ ಸಂಬಂಧವು ಹಳೆಯದು. ವಿಜಯಪುರದ ಬಳಿಯ ತೊರವೆಯಲ್ಲಿ ಕುಮಾರ ವಾಲ್ಮೀಕಿಯು ಕನ್ನಡದಲ್ಲಿ ರಾಮಾಯಣವನ್ನು ರಚಿಸಿದಂದಿನಿಂದ ಲಂಕೆಯ ಹೆಸರು ನಮ್ಮ ಕಡೆಯ ಹಳ್ಳಿಹಳ್ಳಿಗೂ ಗೊತ್ತು. ಇತಿಹಾಸದಲ್ಲಿಯೂ ಒಂದು ಪ್ರಸಂಗವುಂಟು. ಹನ್ನೊಂದನೆಯ ಶತಮಾನದಲ್ಲಿ ಲಂಕೆಯನ್ನಾಳಿದ ವಿಜಯಬಾಹುವು ಕರ್ನಾಟಕದ ಅರಸನಿಗೆ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದನೆಂದೂ, ಅವರು ಚೋಳರ ಸೀಮೆಯನ್ನು ಹೊಕ್ಕಾಗ ಅವರಿಗೆ ಘೋರವಾದ ಅಪಮಾನವಾಯಿತೆಂದೂ ಲಂಕೆಯ ಪ್ರಾಚೀನ ವೃತ್ತಾಂತವಾದ ಚೂಳವಂಸವು ಹೇಳುತ್ತದೆ. ಆಗ ಕರ್ನಾಟಕದ ಅರಸನೆಂದರೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯ. ಸೊಲ್ಲಾಪುರದ ಸೀಮೆಯೂ ಆ ಚಾಲುಕ್ಯರ ರಾಜ್ಯಕ್ಕೆ ಸೇರಿತ್ತು. ರಾಜದೂತರಿಗೂ ಅಂದು ದಾಟಲು ಕಠಿಣವಾಗಿದ್ದ ದಾರಿಯನ್ನು ಇಂದು ಶಾಲೆಯ ಹುಡುಗನೊಬ್ಬನು ಒಂದು ಚಿಕ್ಕ ಪುಸ್ತಕವನ್ನು ತೋರಿಸಿ ದಾಟಬಹುದಾಗಿದೆ.

ಹೋಗುವ ಕಾಲವನ್ನು ನಿಶ್ಚಯಿಸುವಾಗ ಮಳೆಗಾಲದ ವಿಚಾರವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಸೊಲ್ಲಾಪುರಕ್ಕೆ ವರ್ಷದಲ್ಲಿ ಬೀಳುವ ಮಳೆಯು ಕಡಿಮೆ. ಕೊಲಂಬೊ ನಗರಕ್ಕೆ 2,000 ಮಿಲಿಮೀಟರನ್ನೂ ಮೀರಿ ಬೀಳುತ್ತದೆ. ಮೇಲಾಗಿ ಅಲ್ಲಿ ಮಳೆಗಾಲಗಳು ಎರಡು. ಮೇ ತಿಂಗಳಿನಿಂದ ಸಪ್ಟೆಂಬರಿನ ವರೆಗೆ ನೈಋತ್ಯದ ಮಳೆಗಾಳಿಯು ಕೊಲಂಬೊ, ಗಾಲೆ ಮುಂತಾದ ಪಶ್ಚಿಮ-ದಕ್ಷಿಣ ತೀರಗಳನ್ನು ತೋಯಿಸುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯ ವರೆಗೆ ಈಶಾನ್ಯದ ಗಾಳಿಯು ಉತ್ತರ ಮತ್ತು ಪೂರ್ವ ತೀರಗಳಿಗೆ ಮಳೆಯನ್ನು ತರುತ್ತದೆ. ನಡುವೆ ಬೆಟ್ಟಗಳು ಗೋಡೆಯಂತೆ ಅಡ್ಡ ನಿಂತಿರುವದರಿಂದ ಒಂದು ಮಗ್ಗುಲಿಗೆ ಮಳೆ ಸುರಿಯುತ್ತಿರುವಾಗ ಇನ್ನೊಂದು ಮಗ್ಗುಲು ಬಹುಮಟ್ಟಿಗೆ ಒಣಗಿರುತ್ತದೆ.

ನಮ್ಮ ಶಾಲೆಗಳಿಗೆ ಬೇಸಿಗೆಯ ಸೂಟಿ ದೊರೆಯುವದು ಮೇ ತಿಂಗಳಿನಲ್ಲಿ. ಆಗ ಪೂರ್ವ ತೀರದ ತ್ರಿಂಕೋಮಲಿಯ ಕಡಲು ಶಾಂತವಾಗಿರುತ್ತದೆ. ಪಶ್ಚಿಮದ ಕಡಲು ಕೆರಳತೊಡಗಿರುತ್ತದೆ. ಆದುದರಿಂದ ಬೇಸಿಗೆಯಲ್ಲಿ ಹೋಗುವವರು ಪೂರ್ವವನ್ನು ಆರಿಸಿಕೊಳ್ಳುವದು ಲೇಸು. ದೀಪಾವಳಿಯ ಸೂಟಿಯ ಕಾಲವು ಅಕ್ಟೋಬರ-ನವೆಂಬರ. ಇದು ಬಂಗಾಲ ಉಪಸಾಗರದಲ್ಲಿ ಚಂಡಮಾರುತಗಳು ಏಳುವ ಕಾಲ. 2025ರ ನವೆಂಬರದ ಕೊನೆಯಲ್ಲಿ ದಿತ್ವಾ ಎಂಬ ಚಂಡಮಾರುತವು ಲಂಕೆಗೆ ಬಡಿದು ನೂರಾರು ಜನರ ಪ್ರಾಣವನ್ನು ತೆಗೆದುಕೊಂಡಿತು. ಬೆಟ್ಟದ ಸೀಮೆಯ ರಸ್ತೆಗಳೂ ರೇಲುಮಾರ್ಗಗಳೂ ಹಾಳಾದವು. ಹೊರಡುವ ಮೊದಲು ಅಲ್ಲಿಯ ದಾರಿಗಳ ಸ್ಥಿತಿಯನ್ನು ವಿಚಾರಿಸುವದು ಪ್ರತಿಯೊಬ್ಬ ಪ್ರವಾಸಿಯ ಕರ್ತವ್ಯವಾಗಿದೆ.

ಹೆಸರು ಒಂದು, ಬರಹ ಮೂರು

ಇನ್ನು ನಮ್ಮ ತಪ್ಪಿನ ಕಥೆ. ಪರದೇಶಕ್ಕೆ ಹೋಗಲು ಸರಕಾರವು ಕೊಡುವ ರಹದಾರಿಗೆ ಪಾಸ್‌ಪೋರ್ಟ್ ಎಂದು ಹೆಸರು. ಹಿಂದೆ ಇದಕ್ಕಾಗಿ ನಮ್ಮ ಜಿಲ್ಲೆಯವರು ಪುಣೆಗೆ ಅಲೆದಾಡಬೇಕಾಗುತ್ತಿತ್ತು. 2017ರ ಜನವರಿಯಲ್ಲಿ ಮೈಸೂರಿನ ಮತ್ತು ಗುಜರಾತದ ದಾಹೋದದ ಅಂಚೆ ಕಚೇರಿಗಳಲ್ಲಿ ಮೊದಲಾಗಿ ಪಾಸ್‌ಪೋರ್ಟ್ ಸೇವಾಕೇಂದ್ರಗಳನ್ನು ತೆರೆದರು. ಆ ಮೇಲೆ ಸೊಲ್ಲಾಪುರಕ್ಕೂ ಅಂತಹ ಕೇಂದ್ರ ಬಂದಿತು. ಅರ್ಜಿಯನ್ನು ಸರಕಾರದ ಅಧಿಕೃತ ಜಾಲತಾಣದಲ್ಲಿ ತುಂಬಿ, ಹಣ ಕಟ್ಟಿ, ಗೊತ್ತಾದ ದಿನ ಮೂಲ ಕಾಗದಪತ್ರಗಳೊಡನೆ ಅಲ್ಲಿಗೆ ಹೋಗಬೇಕು. ಪ್ರಾಯಸ್ಥರಿಗೆ 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ. ಅದು ಹತ್ತು ವರ್ಷ ನಡೆಯುತ್ತದೆ. ಮಕ್ಕಳದಕ್ಕೆ 1,000 ರೂಪಾಯಿ. ಅದು ಐದು ವರ್ಷ ಅಥವಾ ಹದಿನೆಂಟು ತುಂಬುವ ವರೆಗೆ, ಯಾವುದು ಮೊದಲೋ ಅಲ್ಲಿಯ ವರೆಗೆ ನಡೆಯುತ್ತದೆ. ಸರಕಾರದ ಜಾಲತಾಣವನ್ನು ಹೋಲುವ ನಕಲಿ ತಾಣಗಳು ಹೆಚ್ಚು ಹಣ ಕಸಿಯುವದುಂಟು; ಎಚ್ಚರವಿರಬೇಕು.

ನಮ್ಮ ಮನೆಯ ಹುಡುಗನಿಗೆ ಊರ ದೇವರ ಹೆಸರಾದ ಸಿದ್ಧರಾಮನೆಂದೇ ಹೆಸರಿಟ್ಟಿದ್ದೆವು. ಜನನ ಪ್ರಮಾಣಪತ್ರದಲ್ಲಿ ಆ ಹೆಸರು ಸರಿಯಾಗಿಯೇ ಇತ್ತು. ಶಾಲೆಗೆ ಸೇರಿಸುವ ದಿನ ನಾವು ಬಾಯಿಯಿಂದ ಹೇಳಿದ್ದು ರೂಢಿಯ ಮಾತಿನ ‘ಸಿದ್ರಾಮ’, ಅದೇ ದಾಖಲಾಯಿತು. ಆಧಾರ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಮೂರನೆಯದೊಂದು ರೂಪವಿತ್ತು. ಇದಲ್ಲದೆ ಒಂದು ಕಡೆ ತಂದೆಯ ಹೆಸರು ನಡುವೆ ಬಂದು ಮನೆತನದ ಹೆಸರು ಕೊನೆಗಿತ್ತು. ಮತ್ತೊಂದು ಕಡೆ ತಂದೆಯ ಹೆಸರಿನ ಮೊದಲಕ್ಷರ ಮಾತ್ರವಿತ್ತು. ಮನೆಯಲ್ಲಿ ಕರೆದರೆ ಓಗೊಡುವ ಹುಡುಗ ಒಬ್ಬನೇ. ಕಾಗದದಲ್ಲಿ ಮಾತ್ರ ಮೂವರಾಗಿದ್ದರು. ಕೇಂದ್ರದಲ್ಲಿಯ ಅಧಿಕಾರಿಗಳು ಸೌಜನ್ಯದಿಂದಲೇ ಕಾಗದಗಳನ್ನು ಮರಳಿ ಕೊಟ್ಟು, ಒಂದೇ ರೂಪವನ್ನು ಮಾಡಿಸಿಕೊಂಡು ಬರಲು ಹೇಳಿದರು.

ಇದು ಗಡಿನಾಡಿನ ಕನ್ನಡಿಗರಿಗೆ ವಿಶೇಷವಾಗಿ ಒದಗುವ ತೊಡಕಾಗಿದೆ. ನಮ್ಮ ಮಕ್ಕಳು ಕನ್ನಡದಲ್ಲಿ ಹೆಸರನ್ನು ಬರೆಯಲು ಕಲಿಯುತ್ತಾರೆ. ಸರಕಾರದ ದಫ್ತರಗಳಲ್ಲಿ ಅದನ್ನು ಮರಾಠಿಯಲ್ಲಿ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಕನ್ನಡದಲ್ಲಿ ‘ಬಸವರಾಜ’ ಎಂಬಲ್ಲಿ ಕೊನೆಯ ಅಕಾರವು ಕೇಳಿಸುತ್ತದೆ. ಮರಾಠಿಯ ಉಚ್ಚಾರದಲ್ಲಿ ಅದು ಬಿದ್ದುಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವ ಕಾರಕೂನನು ತನ್ನ ಕಿವಿಗೆ ಬಿದ್ದಂತೆ ಬರೆಯುತ್ತಾನೆ. ಯಾವ ಭಾಷೆಯದೂ ಇದರಲ್ಲಿ ದೋಷವಿಲ್ಲ. ಮೂರು ಭಾಷೆಗಳ ನಡುವೆ ಬಾಳುವವರು ತಮ್ಮ ಹೆಸರಿನ ಕಾವಲನ್ನು ತಾವೇ ಮಾಡಬೇಕೆಂಬುದಷ್ಟೇ ಇದರ ತಾತ್ಪರ್ಯ.

ಹೆಸರನ್ನು ತಿದ್ದಿಸಿಕೊಳ್ಳಲು ನಮಗೆ ತಿಂಗಳುಗಳು ಹಿಡಿದವು. ಹುಡುಗನು ಇನ್ನೂ ಶಾಲೆಯಲ್ಲಿಯೇ ಇದ್ದುದರಿಂದ ಮುಖ್ಯಾಧ್ಯಾಪಕರ ಮೂಲಕ ಕೆಲಸವು ನೆರವೇರಿತು. ಶಾಲೆ ಬಿಟ್ಟ ಮೇಲಾಗಿದ್ದರೆ ಇನ್ನೂ ಕಠಿಣವಾಗುತ್ತಿತ್ತು. ಅಷ್ಟರಲ್ಲಿ ಸೂಟಿ ಮುಗಿದಿತ್ತು. ಅವಸರಪಟ್ಟು ಮುಂಗಡವಾಗಿ ಕೊಟ್ಟ ಹಣದಲ್ಲಿ ಬಹುಭಾಗ ಮರಳಿ ಬರಲಿಲ್ಲ. ಹಣದ ನಷ್ಟವನ್ನು ನಾವು ಮರೆತೆವು. ಮರೆಯಲಾಗದ ನಷ್ಟ ಬೇರೆಯೇ ಇತ್ತು. ಹುಟ್ಟಿದಾರಭ್ಯ ಕಡಲನ್ನು ಕಾಣದ ನಮ್ಮ ಅಜ್ಜಿಯವರು ಆ ವರ್ಷ ನಮ್ಮೊಡನೆ ಬರಲು ಒಪ್ಪಿ, ಪಾಸ್‌ಪೋರ್ಟನ್ನೂ ಮಾಡಿಸಿಕೊಂಡಿದ್ದರು. ಮರುವರ್ಷಕ್ಕೆ ಅವರ ಮೊಳಕಾಲು ಹಿಡಿದುಕೊಂಡವು. ಅವರ ಪುಸ್ತಕ ಸರಿಯಾಗಿತ್ತು, ಅವರ ಹೆಸರು ಸರಿಯಾಗಿತ್ತು. ನಮ್ಮ ಅಜಾಗರೂಕತೆಯಿಂದ ಅವರ ಪ್ರಯಾಣವು ತಪ್ಪಿತು.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿಯೇನೆಂದರೆ, ಪ್ರವಾಸದ ವಿಚಾರ ಮನಸ್ಸಿನಲ್ಲಿ ಇರಲಿ, ಇಲ್ಲದಿರಲಿ, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ ಚೀಟಿ ಈ ಮೂರನ್ನೂ ಒಂದೆಡೆ ಇಟ್ಟು ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಹುಟ್ಟಿದ ದಿನ ಇವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. 2023ರ ಅಕ್ಟೋಬರ 1ರಂದು ಅಥವಾ ಆನಂತರ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನದ ಆಧಾರವೆಂದು ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೊಂದೇ ನಡೆಯುತ್ತದೆಂಬುದನ್ನು ಎಳೆಯ ಮಕ್ಕಳ ತಾಯಿತಂದೆಗಳು ನೆನಪಿಡಬೇಕು.

ಪಾಸ್‌ಪೋರ್ಟು ಕೈಗೆ ಬಂದ ಮೇಲೆ ಹೋಗುವ ದೇಶದ ಪ್ರವೇಶಾನುಮತಿಯನ್ನು ಪಡೆಯಬೇಕು. ಶ್ರೀಲಂಕೆಗೆ ಇದನ್ನು ಮನೆಯಿಂದಲೇ ಗಣಕಯಂತ್ರದ ಮೂಲಕ ಪಡೆಯುವ ವ್ಯವಸ್ಥೆಯಿದೆ. ಇದರ ಶುಲ್ಕವೂ ನಿಯಮಗಳೂ ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿರುವದರಿಂದ ಆ ದೇಶದ ಸರಕಾರದ ಜಾಲತಾಣದಲ್ಲಿಯೇ ನೋಡಿಕೊಳ್ಳತಕ್ಕದ್ದು. ಅಲ್ಲಿಗೆ ತಲುಪುವ ದಿನದಿಂದ ಪಾಸ್‌ಪೋರ್ಟಿನ ಅವಧಿಯು ಕನಿಷ್ಠ ಆರು ತಿಂಗಳು ಉಳಿದಿರಬೇಕು.

ದಾರಿ ಮತ್ತು ಹಣ

ಒಂದು ಕಾಲಕ್ಕೆ ಈ ದಾರಿಯನ್ನು ರೇಲು ಮತ್ತು ಹಡಗಿನಲ್ಲಿಯೇ ಪೂರೈಸಬಹುದಾಗಿತ್ತು. 1914ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ರೇಲುಗಾಡಿಯು ಧನುಷ್ಕೋಡಿಯ ವರೆಗೆ ಹೋಗುತ್ತಿತ್ತು. ಅಲ್ಲಿಂದ ಹಡಗು ಲಂಕೆಯ ತಲೈಮನ್ನಾರಿಗೆ ಮುಟ್ಟಿಸುತ್ತಿತ್ತು. 1964ರ ಡಿಸೆಂಬರದ ಚಂಡಮಾರುತದಲ್ಲಿ ಧನುಷ್ಕೋಡಿಯೇ ಹಾಳಾಯಿತು. 2023ರ ಅಕ್ಟೋಬರದಲ್ಲಿ ತಮಿಳುನಾಡಿನ ನಾಗಪಟ್ಟಣದಿಂದ ಲಂಕೆಯ ಉತ್ತರ ತೀರದ ಕಾಂಕೇಸಂತುರೈಗೆ ಹಡಗಿನ ಸಂಚಾರವು ಆರಂಭವಾಯಿತು; ಆದರೆ ಅದು ನಡುನಡುವೆ ನಿಂತದ್ದೂ ಉಂಟು. ವಿಮಾನವೇ ಭರವಸೆಯ ದಾರಿ. ಸೊಲ್ಲಾಪುರವು ಮುಂಬಯಿ-ಚೆನ್ನೈ ರೇಲುಮಾರ್ಗದ ಮೇಲಿರುವದು ನಮ್ಮ ಭಾಗ್ಯ. ಮುಂಬಯಿಯಿಂದ ಕೊಲಂಬೊಗೆ ಸುಮಾರು ಎರಡೂವರೆ ತಾಸು, ಚೆನ್ನೈಯಿಂದ ಒಂದು ತಾಸಿನ ಮೇಲೆ ಸ್ವಲ್ಪ. ಅಕ್ಕಲಕೋಟೆಯವರು ಒಂದನ್ನು ಗಮನಿಸಬೇಕು: ಅಕ್ಕಲಕೋಟ ರೋಡ ನಿಲ್ದಾಣವು ಊರಿನಿಂದ ಹತ್ತು ಕಿಲೋಮೀಟರಿಗೂ ದೂರವಿದೆ, ಎಲ್ಲ ವೇಗದ ಗಾಡಿಗಳೂ ಅಲ್ಲಿ ನಿಲ್ಲುವದಿಲ್ಲ. ವಿಮಾನದ ಹಿಂದಿನ ದಿನವೇ ಮಹಾನಗರವನ್ನು ಸೇರಿಕೊಳ್ಳುವದು ಕ್ಷೇಮ. ಗಾಡಿ ತಡವಾದರೆ ವಿಮಾನವು ಕಾಯುವದಿಲ್ಲ.

ಹಣದ ವಿಷಯದಲ್ಲಿ ನಮ್ಮ ಹಿರಿಯರು ಹೇಳಿದ ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತೇ ಕೊನೆಯ ಮಾತು. ಸಾಲ ಮಾಡಿ ಕಡಲು ನೋಡುವದಕ್ಕಿಂತ ಎರಡು ವರ್ಷ ತಡೆದು ಉಳಿತಾಯದ ಹಣದಿಂದ ನೋಡುವದು ಮೇಲು. ನಾವು ಖರ್ಚನ್ನು ಐದು ಭಾಗಗಳಾಗಿ ಬರೆದಿಟ್ಟುಕೊಂಡೆವು: ಕಾಗದಪತ್ರ ಮತ್ತು ವಿಮೆ, ದಾರಿಯ ಟಿಕೀಟು, ವಸತಿ, ಊಟ ಮತ್ತು ನೋಟದ ಸ್ಥಳಗಳ ಶುಲ್ಕ, ಕೊನೆಗೆ ಅನಿರೀಕ್ಷಿತ ಖರ್ಚು. ಕೊನೆಯದಕ್ಕೆ ಒಟ್ಟಿನ ಹತ್ತನೆಯ ಒಂದು ಭಾಗವನ್ನು ಎತ್ತಿಟ್ಟೆವು. ಲೆಕ್ಕವನ್ನು ಹುಡುಗನಿಂದಲೇ ಬರೆಯಿಸಿದೆವು. ಶ್ರೀಲಂಕೆಯ ನಾಣ್ಯಕ್ಕೂ ರೂಪಾಯಿಯೆಂದೇ ಹೆಸರಿದ್ದರೂ ಅದರ ಬೆಲೆ ಬೇರೆ. ಹೆಸರು ಒಂದಾದ ಮಾತ್ರಕ್ಕೆ ಬೆಲೆ ಒಂದಾಗದೆಂಬ ಗಣಿತದ ಪಾಠವನ್ನು ಅವನು ಅಲ್ಲಿ ಕಲಿತನು. ಪರದೇಶದ ಹಣವನ್ನು ಬ್ಯಾಂಕಿನಲ್ಲಾಗಲಿ ರಿಜರ್ವ ಬ್ಯಾಂಕಿನ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಾಗಲಿ ಮಾತ್ರ ಕೊಂಡು, ಪಾವತಿಯನ್ನು ಇಟ್ಟುಕೊಳ್ಳಬೇಕು.

ಗಂಟುಮೂಟೆ

ನಮ್ಮ ಊರಿನ ಚಾದರವು ಜಗತ್ಪ್ರಸಿದ್ಧವಾದುದು. ಆದರೆ ಲಂಕೆಯ ಸೆಕೆಗೆ ಅದು ಬೇಡ. ತೆಳುವಾದ ನೂಲಿನ ಬಟ್ಟೆ, ಸೊಲ್ಲಾಪುರದ ಟವೆಲು, ಛತ್ರಿ ಇವು ಸಾಕು. ಬೌದ್ಧರ ಪವಿತ್ರಸ್ಥಾನಗಳಲ್ಲಿ ಹೆಗಲು ಮತ್ತು ಮೊಳಕಾಲು ಮುಚ್ಚುವ ಉಡುಪು ಬೇಕು. ಬುದ್ಧಮೂರ್ತಿಗೆ ಬೆನ್ನು ತಿರುಗಿಸಿ ಚಿತ್ರ ತೆಗೆಯಿಸಿಕೊಳ್ಳುವದನ್ನು ಅಲ್ಲಿಯವರು ಅಪಚಾರವೆಂದು ಭಾವಿಸುತ್ತಾರೆ. ಪ್ರತಿ ಹುಣ್ಣಿಮೆಯೂ ಅಲ್ಲಿ ಸಾರ್ವಜನಿಕ ರಜೆ. ಮೇ ತಿಂಗಳಿನ ಹುಣ್ಣಿಮೆಗೆ ವೆಸಕ್ ಹಬ್ಬವೆಂದು ಊರೂರಿಗೆ ಆಕಾಶಬುಟ್ಟಿಗಳನ್ನು ಬೆಳಗಿಸುತ್ತಾರೆ. ಸೂಟಿಯಲ್ಲಿ ಹೋದವರಿಗೆ ಅದನ್ನು ಕಾಣುವ ಯೋಗವುಂಟು.

ಖಡಕ ರೊಟ್ಟಿ, ಶೇಂಗಾದ ಚಟ್ನಿಪುಡಿಗಳು ಹಲವು ದಿನ ಕೆಡದೆ ಇರುವದರಿಂದ ಮಕ್ಕಳಿಗೆ ಹೊಸ ಊಟವು ಒಗ್ಗುವ ವರೆಗೆ ಆಸರೆಯಾಗುತ್ತವೆ. ಎಣ್ಣೆ, ಉಪ್ಪಿನಕಾಯಿಗಳನ್ನು ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಗೊಡುವದಿಲ್ಲ. ಬೀಜ, ಸಸಿ, ಹಸಿಯ ಹಣ್ಣುಗಳನ್ನು ಒಯ್ಯಬಾರದು. ಅವುಗಳೊಡನೆ ಕೀಟಗಳೂ ರೋಗಗಳೂ ದೇಶದಿಂದ ದೇಶಕ್ಕೆ ದಾಟುತ್ತವೆ. ನಿತ್ಯದ ಔಷಧಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಶ್ರೀಲಂಕೆಯು ಮಲೇರಿಯಾಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಸಾರಿದೆ. ಆದರೂ ಡೆಂಗೀ ಜ್ವರವು ಇರುವದರಿಂದ ಸೊಳ್ಳೆಗಳ ವಿಷಯದಲ್ಲಿ ಜಾಗರೂಕತೆ ಬೇಕು. ಪಾಸ್‌ಪೋರ್ಟಿನ ಒಂದೊಂದು ಪ್ರತಿಯು ಚೀಲದಲ್ಲಿಯೂ ಮನೆಯಲ್ಲಿಯೂ ಇರಲಿ. ಕಳೆದರೆ ಮೊದಲು ಅಲ್ಲಿಯ ಪೋಲೀಸರಿಗೆ, ಆ ಮೇಲೆ ಕೊಲಂಬೊದ ಭಾರತೀಯ ಹೈಕಮಿಶನರ ಕಚೇರಿಗೆ ತಿಳಿಸಬೇಕು.

ಕಡಲಿನ ಎದುರು

ವಿದ್ಯಾರ್ಥಿಗಳೇ, ಈ ಮಾತನ್ನು ನೀವು ವಿಶೇಷವಾಗಿ ಕೇಳಬೇಕು. ಬಾವಿಯಲ್ಲಿ ಈಜು ಕಲಿತವರಿಗೆ ತಾವು ಈಜುಗಾರರೆಂಬ ಧೈರ್ಯವಿರುತ್ತದೆ. ಬಾವಿಯ ನೀರು ನಿಂತ ನೀರು. ಕಡಲಿನ ನೀರು ಎಳೆಯುವ ನೀರು. ತೆರೆಗಳು ದಂಡೆಗೆ ತಂದು ಸುರಿದ ನೀರು ಒಂದು ಇಕ್ಕಟ್ಟಾದ ಜಾಡನ್ನು ಹಿಡಿದು ರಭಸದಿಂದ ಒಳಗಡಲಿಗೆ ಮರಳುತ್ತದೆ. ಆ ಜಾಡಿನಲ್ಲಿ ತೆರೆಗಳು ಕಡಿಮೆಯಾಗಿ ಕಾಣುವದರಿಂದ ಅದೇ ಸುರಕ್ಷಿತ ಸ್ಥಳವೆಂದು ಭ್ರಮೆಯಾಗುತ್ತದೆ. ಅದರಲ್ಲಿ ಸಿಕ್ಕವನು ನೇರವಾಗಿ ದಂಡೆಯ ಕಡೆಗೆ ಈಜಿದರೆ ದಣಿದು ಮುಳುಗುತ್ತಾನೆ. ಗಾಬರಿಪಡದೆ ತೇಲುತ್ತ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಿದ್ದ ಮೇಲೆ ದಂಡೆಗೆ ತಿರುಗಬೇಕು. ಕೆಂಪು ಬಾವುಟವಿರುವಲ್ಲಿ ನೀರಿಗೆ ಇಳಿಯಲೇ ಕೂಡದು. ಹಿರಿಯರಿಲ್ಲದೆ ಮೊಳಕಾಲುದ್ದ ನೀರಿಗೂ ಹೋಗಕೂಡದು.

ನೋಡಬೇಕಾದುದು ಕಡಲೊಂದೇ ಅಲ್ಲ. ಕ್ಯಾಂಡಿಯ ದಂತಧಾತು ಮಂದಿರ, ಐದನೆಯ ಶತಮಾನದಲ್ಲಿ ಕಾಶ್ಯಪ ರಾಜನು ಹೆಬ್ಬಂಡೆಯ ಮೇಲೆ ಕಟ್ಟಿಸಿದ ಸಿಗಿರಿಯ ಇವು ಜಗತ್ತಿನ ಪರಂಪರೆಯ ಪಟ್ಟಿಯಲ್ಲಿ ಸೇರಿದವು. ಆದರೆ ಸೊಲ್ಲಾಪುರದವರು ತಪ್ಪದೆ ನೋಡಬೇಕಾದ ಸ್ಥಳವೆಂದರೆ ಪೊಲೊನ್ನರುವದ ಪರಾಕ್ರಮ ಸಮುದ್ರ. ಹೆಸರು ಸಮುದ್ರ, ವಾಸ್ತವದಲ್ಲಿ ಅದೊಂದು ಕೆರೆ. ಇಪ್ಪತ್ತು ಚದರ ಕಿಲೋಮೀಟರಿಗಿಂತ ಹೆಚ್ಚು ಹರವುಳ್ಳದ್ದು. 1153ರಿಂದ 1186ರ ವರೆಗೆ ಆಳಿದ ಪರಾಕ್ರಮಬಾಹುವು ಅದನ್ನು ಕಟ್ಟಿಸಿದನು. ಬಿದ್ದ ಮಳೆಯ ಹನಿಯೂ ಜನರ ಉಪಯೋಗಕ್ಕೆ ಬಾರದೆ ಕಡಲಿಗೆ ಸೇರಬಾರದೆಂಬುದು ಅವನ ಸಂಕಲ್ಪವಾಗಿತ್ತೆಂದು ಹೇಳುತ್ತಾರೆ. ಅದೇ ಹನ್ನೆರಡನೆಯ ಶತಮಾನದಲ್ಲಿ ನಮ್ಮ ಸೊನ್ನಲಿಗೆಯಲ್ಲಿ ಶಿವಯೋಗಿ ಸಿದ್ಧರಾಮನು ಜನರನ್ನು ಕೂಡಿಸಿ ಕೆರೆಯನ್ನು ಕಟ್ಟಿಸುತ್ತಿದ್ದನು. ಅಲ್ಲಿ ಒಬ್ಬ ಅರಸು, ಇಲ್ಲಿ ಒಬ್ಬ ಶರಣ. ಇಬ್ಬರಿಗೂ ಹೊಳೆದದ್ದು ನೀರಿನ ಚಿಂತೆಯೇ. ಆ ಕಟ್ಟೆಯ ಮೇಲೆ ನಿಂತಾಗ ನಮ್ಮ ಹುಡುಗನಿಗೆ ತನ್ನ ಹೆಸರಿನ ಬೆಲೆ ತಿಳಿಯಿತು. ಮೂರು ಕಾಗದಗಳಲ್ಲಿ ಆ ಹೆಸರನ್ನು ಸರಿಪಡಿಸಲು ಪಟ್ಟ ಶ್ರಮವು ವ್ಯರ್ಥವಾಗಲಿಲ್ಲವೆಂದು ನಮಗೂ ಅನಿಸಿತು.

ಲಂಕೆಯ ಹಲಗೆಗಳ ಮೇಲೆ ಸಿಂಹಳ, ತಮಿಳು, ಇಂಗ್ಲಿಷು ಮೂರು ಬರಹಗಳಿರುತ್ತವೆ. ಸಿಂಹಳದ ಅಕ್ಷರಗಳ ದುಂಡುತನವು ಕನ್ನಡವನ್ನು ನೆನಪಿಗೆ ತರುತ್ತದೆ. ಎರಡೂ ಬ್ರಾಹ್ಮಿಯ ಸಂತಾನವೇ. ಕನ್ನಡ, ಮರಾಠಿ, ತೆಲುಗು, ಉರ್ದು ಮಾತುಗಳ ನಡುವೆ ಬೆಳೆದ ಸೊಲ್ಲಾಪುರದ ಮಕ್ಕಳಿಗೆ ಅಲ್ಲಿ ಪರಕೀಯತೆ ತೋರುವದಿಲ್ಲ.

ಮರಳಿ ಬಂದ ದಿನ ಅಜ್ಜಿಯವರು ಹೊಸ್ತಿಲಲ್ಲಿಯೇ ಮೊಮ್ಮಗನನ್ನು ತಡೆದು ಕೇಳಿದರು: “ಅಲ್ಲಿ ಕೆರಿ ನಮ್ಮ ಸಿದ್ಧೇಶ್ವರನ ಕೆರಿಕಿಂತ ದೊಡ್ಡದದ ಏನೋ?”

“ಭಾಳ ದೊಡ್ಡದದ, ಅಜ್ಜಿ. ಖರೆ ಅದರ ನಡುಕ ನಮ್ಮ ಗುಡಿ ಇಲ್ಲ.”

ಅವರು ನಕ್ಕು ಸುಮ್ಮನಾದರು. ಅವರ ಪಾಸ್‌ಪೋರ್ಟು ಇಂದಿಗೂ ದೇವರ ಮಾಡದಲ್ಲಿದೆ. ಅದರ ಒಂದು ಪುಟದ ಮೇಲೂ ಮುದ್ರೆ ಬಿದ್ದಿಲ್ಲ. ಪಾಲಕರೇ, ನಿಮ್ಮ ಮನೆಯ ಹಿರಿಯರಿಗೂ ಕಡಲನ್ನು ತೋರಿಸುವ ಮನಸ್ಸಿದ್ದರೆ ತಡಮಾಡಬೇಡಿರಿ. ವಿದ್ಯಾರ್ಥಿಗಳೇ, ಇಂದು ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಕಾಗದಪತ್ರಗಳನ್ನು ತೆಗೆಯಿಸಿ, ನಿಮ್ಮ ಹೆಸರನ್ನು ಮೂರು ಕಡೆ ಓದಿ ನೋಡಿರಿ. ಮೂರೂ ಒಂದೇ ಆಗಿದ್ದರೆ ಪ್ರಯಾಣದ ಮೊದಲ ಹೆಜ್ಜೆಯನ್ನು ನೀವು ಆಗಲೇ ಇಟ್ಟಂತೆ. ಆಗಿರದಿದ್ದರೆ ನಾಳೆಯೇ ಮುಖ್ಯಾಧ್ಯಾಪಕರನ್ನು ಕಾಣಿರಿ.